ಬೀರುವಿನಲ್ಲಿರುವ ಲೈಕಾ: ಇಟ್ಟುಕೊಂಡು ಬಳಸುವುದೋ, ಕೊಟ್ಟುಬಿಡುವುದೋ?

ತ್ಯಾಗರಾಜನಗರದವನು

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ; ಬರೆಯುತ್ತಿರುವುದು ಇದೇ ಮೊದಲು. ನನ್ನ ಬಳಿ ಲೈಕಾ ಎಂ6 ಕ್ಯಾಮೆರಾ ಮತ್ತು ಅದರ ಜೊತೆಗೆ 50 ಮಿ.ಮೀ. ಸಮ್ಮಿಕ್ರಾನ್ ಲೆನ್ಸ್ ಇವೆ. 2009ರಲ್ಲಿ, ಫಿಲಂ ಕ್ಯಾಮೆರಾಗಳನ್ನು ಕೇಳುವವರೇ ಇಲ್ಲದ ಹೊತ್ತಿನಲ್ಲಿ, ವಿದೇಶದಿಂದ ಮರಳಿದ ಪರಿಚಿತರೊಬ್ಬರಿಂದ ಎರಡನ್ನೂ ಸೇರಿಸಿ 95,000 ರೂಪಾಯಿಗೆ ಕೊಂಡೆ. ಮೊದಲ ನಾಲ್ಕೈದು ವರ್ಷ ಅದು ನನ್ನ ಹೆಗಲಿನಿಂದ ಇಳಿದದ್ದೇ ಕಡಿಮೆ. ಗಾಂಧಿ ಬಜಾರಿನ ಹೂವಿನ ಸಾಲು, ಕೃಷ್ಣರಾಜೇಂದ್ರ ಮಾರುಕಟ್ಟೆಯ ಬೆಳಗಿನ ಜಾವ, ಮಗಳ ನಾಮಕರಣ, ಎಲ್ಲವೂ ಅದರಲ್ಲೇ ಆದವು.

ಆಮೇಲೆ ಏನಾಯಿತೆಂದರೆ, ಅದರ ಬೆಲೆ ಏರತೊಡಗಿತು. ಈಗ ಒಬ್ಬರು ಎರಡಕ್ಕೂ ಸೇರಿ 3,25,000 ರೂಪಾಯಿ ಕೊಡುತ್ತೇನೆ ಎಂದು ಮುಂದೆ ಬಂದಿದ್ದಾರೆ. ನಿಜ ಹೇಳಬೇಕೆಂದರೆ ಬೆಲೆ ಏರಿದ ದಿನದಿಂದಲೇ ನನಗೆ ಅದನ್ನು ಹೊರಗೆ ಒಯ್ಯಲು ಕೈ ನಡುಗುತ್ತದೆ. ಕಳೆದ ಮೂರು ವರ್ಷಗಳಲ್ಲಿ ಎರಡೇ ಎರಡು ರೋಲು ತೆಗೆದಿದ್ದೇನೆ. ತಿಂಗಳಿಗೊಮ್ಮೆ ಬೀರುವಿನಿಂದ ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಫಿಲಂ ಇಲ್ಲದೆಯೇ ಎರಡು ಸಲ ಒತ್ತಿ ಆ ಸದ್ದು ಕೇಳಿ, ಮತ್ತೆ ಚರ್ಮದ ಚೀಲಕ್ಕೆ ಹಾಕಿ ಬಾಗಿಲು ಮುಚ್ಚುತ್ತೇನೆ. “ಒಡವೆಯಾದರೂ ಮದುವೆ ಮುಂಜಿಗೆ ಹೊರಗೆ ಬರುತ್ತದೆ, ಇದು ಅದಕ್ಕೂ ಬರುವುದಿಲ್ಲವಲ್ಲ” ಎಂದು ಮನೆಯವಳು ಅಂದದ್ದು ಮನಸ್ಸಿಗೆ ನಾಟಿದೆ. ಮಾರಿದರೆ ಮುಂದೆ ಇಂಥದ್ದು ಕೊಳ್ಳಲು ನನ್ನಿಂದ ಆಗುವುದಿಲ್ಲ. ಇಟ್ಟುಕೊಂಡರೆ ಬಳಸುತ್ತೇನೆಂಬ ಭರವಸೆಯೂ ನನಗಿಲ್ಲ. ಅನುಭವವಿದ್ದವರು ದಾಕ್ಷಿಣ್ಯವಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಲೆಕ್ಕಿಗ

ದಾಕ್ಷಿಣ್ಯ ಬೇಡವೆಂದಿದ್ದೀರಿ, ಆದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಹೋದ ತಿಂಗಳು ನಾನು ಒಂದು ರೋಲು ಇಲ್‌ಫೋರ್ಡ್ ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲಂ ಕೊಂಡದ್ದು 1,050 ರೂಪಾಯಿಗೆ. ಅದನ್ನು ತೊಳೆಸಿ (ಅಂದರೆ ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸಿದ್ದಕ್ಕೆ 550 ಆಯಿತು. ಒಟ್ಟು 1,600ನ್ನು 36ರಿಂದ ಭಾಗಿಸಿದರೆ ಒಂದೊಂದು ಚಿತ್ರಕ್ಕೆ 44 ರೂಪಾಯಿ ಬೀಳುತ್ತದೆ, ಅದರಲ್ಲಿ ಕಣ್ಣು ಮುಚ್ಚಿದವರ ಚಿತ್ರಗಳೂ ಸೇರಿವೆ. ತಿಂಗಳಿಗೆ ಎರಡು ರೋಲು ಎಂದರೆ ವರ್ಷಕ್ಕೆ 38,400. ಇನ್ನು ಆ 3,25,000ವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 22,750 ಬಡ್ಡಿ ಬರುತ್ತದೆ, ಅಂದರೆ ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕುಳಿತಿದ್ದರೂ ಅದು ನಿಮ್ಮಿಂದ ತಿಂಗಳಿಗೆ ಹತ್ತಿರ ಹತ್ತಿರ 1,900 ರೂಪಾಯಿ ಬಾಡಿಗೆ ವಸೂಲಿ ಮಾಡುತ್ತಿದೆ.

ನನ್ನ ಸಲಹೆ ಇಷ್ಟೇ. ಲೈಕಾವನ್ನು ಕೊಟ್ಟುಬಿಡಿ, ಬಂದ ಹಣದಲ್ಲಿ ಸಣ್ಣದೊಂದು ಭಾಗ ತೆಗೆದು ಒಳ್ಳೆಯ ಸ್ಥಿತಿಯಲ್ಲಿರುವ ನಿಕಾನ್ ಎಫ್ಎಂ2 ಅಥವಾ ಪೆಂಟಾಕ್ಸ್ ಕೆ1000 ಕೊಳ್ಳಿ. ಇವೆರಡೂ ಬ್ಯಾಟರಿ ಇಲ್ಲದಿದ್ದರೂ ಶಟರ್ ಹೊಡೆಯುವ ಗಟ್ಟಿ ಯಂತ್ರಗಳು. ಒಳಗೆ ಕುಳಿತ ಫಿಲಮ್ಮಿಗೆ ಹೊರಗಿನ ಹೆಸರಿನ ಫಲಕ ಕಾಣುವುದಿಲ್ಲ. ಬಿದ್ದರೂ ಎದೆ ಒಡೆಯುವುದಿಲ್ಲವಾದ್ದರಿಂದ ನೀವು ಅದನ್ನು ದಿನವೂ ಒಯ್ಯುತ್ತೀರಿ.

ಹೈಪೋ ವಾಸನೆ

ನನಗೆ ಈಗ 71 ವರ್ಷ. ಜಾಲಹಳ್ಳಿಯ ಕಡೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಉಪಕರಣಗಳ ವಿಭಾಗದಲ್ಲಿದ್ದವನು. ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ಕಾಗದ ಅಂಟಿಸಿ ರಾತ್ರಿಯೆಲ್ಲ ಪ್ರಿಂಟು ಹಾಕಿದವನು. ಲೆಕ್ಕಿಗ ಅವರ ಗಣಿತದಲ್ಲಿ ತಪ್ಪಿಲ್ಲ. ಆದರೆ ಅವರೂ ಪ್ರಶ್ನೆ ಕೇಳಿದವರೂ ಒಂದು ಸಂಗತಿಯನ್ನು ಸರಿಯೆಂದು ಒಪ್ಪಿಕೊಂಡೇ ಮಾತು ಶುರುಮಾಡಿದ್ದಾರೆ: ಬೀರುವಿನಲ್ಲಿಟ್ಟ ಕ್ಯಾಮೆರಾ ಇಟ್ಟ ಹಾಗೆಯೇ ಇರುತ್ತದೆ ಎಂದು. ಅದು ಹಾಗಿರುವುದಿಲ್ಲ.

ಎಂ6 ಒಳಗಿನ ಶಟರ್ ಎಂದರೆ ರಬ್ಬರ್ ಲೇಪಿಸಿದ ಬಟ್ಟೆಯ ಎರಡು ಪರದೆಗಳು. ಸ್ಪ್ರಿಂಗಿನ ಬಲದಿಂದ ಅವು ಒಂದರ ಹಿಂದೊಂದು ಅಡ್ಡಲಾಗಿ ಓಡುತ್ತವೆ. ವೇಗ ಕಡಿಮೆಯಿದ್ದಾಗ ಎರಡನೆಯ ಪರದೆಯನ್ನು ತಡೆದು ನಿಲ್ಲಿಸಲು ಗಡಿಯಾರದಲ್ಲಿರುವಂಥ ಹಲ್ಲುಚಕ್ರಗಳ ಸರಣಿಯೊಂದು ಇದೆ. ಅದಕ್ಕೆ ಹಾಕಿದ ಎಣ್ಣೆ ಮತ್ತು ಗ್ರೀಸು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತವೆ, ಓಡಾಟವಿಲ್ಲದಿದ್ದರೆ ಇನ್ನೂ ಬೇಗ ಅಂಟಾಗುತ್ತವೆ. ನೀವು ತಿಂಗಳಿಗೊಮ್ಮೆ ಎರಡು ಸಲ ಒತ್ತುವುದು, ಅದೂ ಬಹುಶಃ 1/125 ಸೆಕೆಂಡಿನ ವೇಗದಲ್ಲಿ, ಆ ಚಕ್ರಗಳನ್ನು ಸರಿಯಾಗಿ ಓಡಿಸಿದಂತೆ ಆಗುವುದಿಲ್ಲ.

ಲೆನ್ಸಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ನಮ್ಮೂರಿನ ಹವೆ ಹಿತವೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾನ್ಸೂನು, ಅದರ ಬೆನ್ನಿಗೇ ಹಿಂಗಾರು ಎಂದು ತಿಂಗಳುಗಟ್ಟಲೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿಸುವ ಅದೇ ತೇವವೇ ಲೆನ್ಸಿಗೂ ಫಂಗಸ್ ಹಿಡಿಸುತ್ತದೆ. ಕತ್ತಲೆ, ಗಾಳಿಯಾಡದ ಮೂಲೆ, ತೇವ ಹೀರಿಕೊಂಡು ಬಿಡದಿರುವ ಚರ್ಮದ ಚೀಲ, ಈ ಮೂರೂ ಸೇರಿದರೆ ಅದಕ್ಕೆ ಹಬ್ಬ. ಬೇಗ ಗುರುತಿಸಿದರೆ ಒರೆಸಿ ತೆಗೆಯಬಹುದು, ತಡವಾದರೆ ಅದು ಉಗುಳುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದು ಶಾಶ್ವತವಾದ ಕಲೆ ಬಿಡುತ್ತದೆ.

ಆದ್ದರಿಂದ, ಕೊಡುವುದೋ ಬಿಡುವುದೋ ಎಂಬುದನ್ನು ನಾಳೆಗಿಡಿ. ಇಂದು ರಾತ್ರಿ ಈ ಕೆಲಸ ಮಾಡಿ. ಲೆನ್ಸನ್ನು ಬಿಚ್ಚಿ, ಅದರ ದ್ಯುತಿರಂಧ್ರವನ್ನು (ಬೆಳಕು ಒಳಬಿಡುವ ಕಂಡಿಯನ್ನು) ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚು ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಕ್ಯಾಮೆರಾದ ಅಡಿಯ ತಗಡು ತೆಗೆದು, ಹಿಂಬದಿಯ ರೆಕ್ಕೆಯನ್ನು ಎತ್ತಿ, ವೇಗವನ್ನು 1 ಸೆಕೆಂಡಿಗಿಟ್ಟು ಒತ್ತಿ. ಚಕ್ರಗಳ ಕಿರ್ ಎನ್ನುವ ಸದ್ದು ಒಂದೇ ಲಯದಲ್ಲಿ ಸಾಗಿ ನಿಲ್ಲಬೇಕು, ನಡುವೆ ಏದುಸಿರು ಬಿಡಬಾರದು. ಕಂಡದ್ದನ್ನು ಇಲ್ಲಿ ಬರೆಯಿರಿ.

ಸದ್ದಿಲ್ಲದ ಶಟರ್

ಲೆಕ್ಕಿಗ ಅವರೇ, ಫಿಲಮ್ಮಿಗೆ ಹೆಸರಿನ ಫಲಕ ಕಾಣುವುದಿಲ್ಲವೆಂಬುದು ನಿಜವಿದ್ದರೂ ತೆಗೆಯುವವರ ಕಣ್ಣಿಗೆ ಕಾಣುವುದು ಎರಡರಲ್ಲೂ ಒಂದೇ ಅಲ್ಲ. ಎಫ್ಎಂ2ನಲ್ಲಿ ನೀವು ಕನ್ನಡಿಯ ಮೂಲಕ ಲೆನ್ಸಿನೊಳಗಿಂದಲೇ ನೋಡುತ್ತೀರಿ, ಒತ್ತಿದ ಕ್ಷಣದಲ್ಲಿ ಕನ್ನಡಿ ಮೇಲೆದ್ದು ದೃಶ್ಯ ಮಾಯವಾಗುತ್ತದೆ. ಎಂ6ನಲ್ಲಿ ಕನ್ನಡಿಯೇ ಇಲ್ಲ. ಪಕ್ಕದ ಕಿಟಕಿಯಿಂದ ನೋಡುತ್ತೀರಿ, ಚೌಕಟ್ಟಿನ ಗೆರೆಗಳ ಹೊರಗೆ ಯಾರು ಒಳಬರಲಿದ್ದಾರೆ ಎಂಬುದೂ ಕಾಣುತ್ತದೆ, ಒತ್ತಿದಾಗಲೂ ಎದುರಿನವರ ಮುಖ ಕಣ್ಣಿನಿಂದ ಮರೆಯಾಗುವುದಿಲ್ಲ. ಜನರ ನಡುವೆ ಚಿತ್ರ ತೆಗೆಯುವವರಿಗೆ ಇದರ ಬೆಲೆ ಗೊತ್ತು. ಹತ್ತಿರದ ಹೂವನ್ನೋ ದೂರದ ಹಕ್ಕಿಯನ್ನೋ ತೆಗೆಯುವವರಿಗೆ ಇದು ನಿಷ್ಪ್ರಯೋಜಕ ಯಂತ್ರವೆಂಬುದನ್ನೂ ಒಪ್ಪುತ್ತೇನೆ.

ಆದರೆ ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆ ಕೊಡಬೇಕು, ಏಕೆಂದರೆ ಇದನ್ನು ನಾನು ದುಡ್ಡು ತೆತ್ತು ಕಲಿತೆ. ಕನ್ನಡಿ ಇಲ್ಲದ ಕಾರಣ ಲೆನ್ಸಿನೊಳಗೆ ಬಂದ ಬೆಳಕು ನೇರವಾಗಿ ಶಟರಿನ ಬಟ್ಟೆಯ ಮೇಲೆಯೇ ಬೀಳುತ್ತದೆ. ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡಿ, ಲೆನ್ಸಿಗೆ ಮುಚ್ಚಳ ಹಾಕದೆ, ಫೋಕಸನ್ನು ಅನಂತದಲ್ಲೇ ಬಿಟ್ಟು, ಕ್ಯಾಮೆರಾವನ್ನು ಕಲ್ಲಿನ ಮೇಲೆ ಸೂರ್ಯನಿಗೆ ಎದುರಾಗಿಟ್ಟು ಕಾಫಿ ಕುಡಿಯಲು ಕುಳಿತೆ. ಬಾಲ್ಯದಲ್ಲಿ ಭೂತಗನ್ನಡಿಯಿಂದ ಕಾಗದ ಸುಟ್ಟವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ರೋಲು ತೊಳೆದು ಬಂದಾಗ ಅಲ್ಲಿಂದ ಮುಂದಿನ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಪರದೆ ಬದಲಿಸಲು ಕ್ಯಾಮೆರಾವನ್ನು ಬೇರೆ ಊರಿಗೆ ಕಳುಹಿಸಬೇಕಾಯಿತು, ತಿರುಗಿ ಬರಲು ನಾಲ್ಕು ತಿಂಗಳಾಯಿತು. ಇಷ್ಟಾದರೂ ನಾನು ಮಾರಿಲ್ಲ.

ಬನಶಂಕರಿ ಬಸ್ಸು

ಮಾರಬೇಡಿ ಸರ್, ಬಳಸಲೂ ಬೇಡಿ, ಹಾಗೆಯೇ ಇಡಿ. ಹತ್ತು ವರ್ಷ ಬಿಟ್ಟರೆ ಇನ್ನೂ ಎರಡು ಪಟ್ಟು ಆಗುತ್ತದೆ. ಇದು ಸೈಟು ಇದ್ದ ಹಾಗೆ.

ಹೈಪೋ ವಾಸನೆ

ಸೈಟಿಗೆ ಫಂಗಸ್ ಹಿಡಿಯುವುದಿಲ್ಲ ಕಣಪ್ಪಾ. ಅದೂ ಅಲ್ಲದೆ ಈ ಯಂತ್ರದ ಬೆಲೆ ನಿಂತಿರುವುದು ಬೇರೆಯವರು ತಯಾರಿಸುವ ಒಂದು ಫಿಲಂ ಸುರುಳಿಯ ಮೇಲೆ. 1934ರಲ್ಲಿ ಕೊಡಾಕ್ ತಂದ 35 ಮಿ.ಮೀ. ಡಬ್ಬಿ ಈ ಹೊತ್ತಿಗೂ ಅದೇ ಅಳತೆಯಲ್ಲಿ ಸಿಗುತ್ತಿರುವುದು ನಮ್ಮ ಪುಣ್ಯ. ಅದೇ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದನ್ನೂ ನೋಡಿದ್ದೇವೆ. ಅದಕ್ಕೂ ಮೊದಲು, 2010ರ ಡಿಸೆಂಬರ್ ಕೊನೆಗೆ, ಜಗತ್ತಿನಲ್ಲಿ ಕೊಡಾಕ್ರೋಮ್ ಎಂಬ ಬಣ್ಣದ ಫಿಲಂ ತೊಳೆಯುತ್ತಿದ್ದ ಕಟ್ಟಕಡೆಯ ಲ್ಯಾಬು ಹೊಸ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆ ಬಳಿಕ ಯಾರ ಮನೆಯಲ್ಲಿ ಆ ರೋಲು ಉಳಿದಿದ್ದರೂ ಅದರ ನಿಜವಾದ ಬಣ್ಣ ತೆಗೆಯುವ ದಾರಿ ಇಲ್ಲವಾಯಿತು. ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಇತ್ತು. ಅವರ ‘ಇಂದು’ ಫಿಲಂ ಹಾಕಿಯೇ ನಾನು ಕೈ ಪಳಗಿಸಿಕೊಂಡದ್ದು. ಈಗ ಆ ಕಾರ್ಖಾನೆ ಮುಚ್ಚಿಹೋಗಿದೆ. ಹೌದು, ಲೈಕಾದವರು 2022ರಲ್ಲಿ ಎಂ6ನ್ನು ಮತ್ತೆ ಹೊಸದಾಗಿ ತಯಾರಿಸಲು ಶುರುಮಾಡಿದರು, ಲೆನ್ಸ್ ಇಲ್ಲದೆಯೇ ಅಮೆರಿಕದಲ್ಲಿ 5,295 ಡಾಲರ್ ಬೆಲೆ ಇಟ್ಟರು, 2024ರಲ್ಲಿ ಪೆಂಟಾಕ್ಸ್ ಕೂಡ ಹೊಸದೊಂದು ಫಿಲಂ ಕ್ಯಾಮೆರಾ ತಂದಿತು. ಇವೆಲ್ಲ ಒಳ್ಳೆಯ ಸೂಚನೆಗಳು. ಆದರೂ ಹತ್ತು ವರ್ಷಗಳಾಚೆಯ ಬೆಲೆಯನ್ನು ನಂಬಿ ಇಂದಿನ ಚಿತ್ರ ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಆಮದು ಸುಂಕ ವಿಪರೀತವಾಗಿದ್ದ ಆ ಕಾಲದಲ್ಲಿ ಯಾರಿಗೂ ಕ್ಯಾಮೆರಾ ಅಗ್ಗದ ವಸ್ತುವಾಗಿರಲಿಲ್ಲ. ಇದೇ ಊರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಾಡಿನ ದೂಳಿನಲ್ಲಿ, ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಜಡಿಮಳೆಯ ಸೀಮೆಯಲ್ಲಿ ಫಿಲಂ ಕ್ಯಾಮೆರಾ ಹಿಡಿದೇ ಹಕ್ಕಿ, ಪ್ರಾಣಿಗಳಿಗಾಗಿ ಕಾದು ಕುಳಿತವರು. ಅವರ ಯಂತ್ರಗಳಿಗೆ ಗೀರು ಬಿದ್ದಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ.

ತ್ಯಾಗರಾಜನಗರದವನು

ನೋಡಿದೆ. ನೋಡದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಹಿಂದಿನ ಗಾಜಿನ ಅಂಚಿನಲ್ಲಿ, ಜೇಡರ ಬಲೆಯ ಎಳೆಯೊಂದನ್ನು ಕತ್ತರಿಸಿ ಅಂಟಿಸಿದ ಹಾಗೆ, ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಕವಲು ಕಾಣುತ್ತದೆ. ನೇರವಾಗಿ ನೋಡಿದರೆ ಏನೂ ಇಲ್ಲ. ಟಾರ್ಚನ್ನು ಓರೆ ಮಾಡಿದಾಗ ಮಾತ್ರ ಹೊಳೆಯುತ್ತದೆ. ಶಟರು 1 ಸೆಕೆಂಡಿನಲ್ಲಿ ಮೊದಲ ಸಲ ಅರ್ಧಕ್ಕೆ ಬಂದು ತಡವರಿಸಿ, ಆಮೇಲೆ ಮುಂದೆ ಹೋಗಿ ಮುಚ್ಚಿಕೊಂಡಿತು. ಐದಾರು ಸಲ ಒತ್ತಿದ ಮೇಲೆ ಸ್ವಲ್ಪ ಸುಧಾರಿಸಿತು. ತಿಂಗಳು ತಿಂಗಳೂ ಒರೆಸಿದ್ದು ಹೊರಗಿನ ಬಣ್ಣವನ್ನು ಮಾತ್ರ.

ಹೈಪೋ ವಾಸನೆ

ಗಾಬರಿಯಾಗಬೇಡಿ, ಅಂಚಿನಲ್ಲಿರುವುದು ಚಿತ್ರದ ಮೇಲೆ ಪರಿಣಾಮ ಬೀರುವುದು ಕಡಿಮೆ. ಹರಡುವ ಮೊದಲು ತೆಗೆಸಿದರೆ ಸಾಕು. ಬಿಸಿಲಿನಲ್ಲಿಟ್ಟರೆ ಸಾಯುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಸತ್ತರೂ ಎಳೆಗಳು ಅಲ್ಲಿಯೇ ಉಳಿಯುತ್ತವೆ. ನೀವೇ ಬಿಚ್ಚಲು ಹೋಗಬೇಡಿ. ಚರ್ಮದ ಚೀಲವನ್ನು ಇಂದೇ ಬೇರೆ ಕೋಣೆಗೆ ಸಾಗಿಸಿ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಂಡರೆ ಒಳ್ಳೆಯದು, ಇಲ್ಲವಾದರೆ ಅಡುಗೆಮನೆಯಲ್ಲಿ ಬಳಸುವ, ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಒಂದು ಸಣ್ಣ ತೇವಮಾಪಕವನ್ನೂ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ. ತೇವ ಹೀರಿ ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯಲ್ಲಿ ಮತ್ತೆ ಒಗ್ಗರಣೆ ಹಾಕಬಾರದು ಎಂಬುದನ್ನು ನಮ್ಮ ಮನೆಯಲ್ಲಿ ಒಮ್ಮೆ ಜೋರಾಗಿಯೇ ತಿಳಿಸಲಾಗಿದೆ.

ಮೂವತ್ತಾರನೆಯದು

ನಾನು ಕಾಲೇಜು ಮುಗಿಸಿ ಎರಡು ವರ್ಷವಾದವನು, ನನ್ನದು ಎಫ್ಎಂ2. ಹೊರಗೆ ಒಯ್ಯುವ ಭಯದ ಬಗ್ಗೆ ಮಾತ್ರ ನನಗೆ ತಿಳಿದಷ್ಟು ಹೇಳುತ್ತೇನೆ. ಕ್ಯಾಮೆರಾ ಚೀಲವೆಂದು ಗೊತ್ತಾಗುವ ಚೀಲ ಬೇಡ, ಊಟದ ಡಬ್ಬಿಯ ಚೀಲದಲ್ಲಿ ಟವೆಲು ಸುತ್ತಿ ಒಯ್ಯುತ್ತೇನೆ. ನಮ್ಮ ಮೆಟ್ರೋದಲ್ಲಿ ಚೀಲವನ್ನು ಎಕ್ಸ್-ರೇ ಯಂತ್ರಕ್ಕೆ ಹಾಕಲೇಬೇಕು, ಐಎಸ್‌ಒ 400ರ ಫಿಲಂ ಹಲವಾರು ಸಲ ಹೋಗಿ ಬಂದರೂ ನನಗೆ ಇದುವರೆಗೆ ಮಂಜು ಕಾಣಿಸಿಲ್ಲ. ವಿಮಾನ ನಿಲ್ದಾಣಗಳ ಹೊಸ ಸಿ.ಟಿ. ಸ್ಕ್ಯಾನರ್‌ಗಳ ವಿಷಯ ಬೇರೆ. ಅವು ಒಂದೇ ಸಲಕ್ಕೆ ಫಿಲಂ ಕೆಡಿಸಬಲ್ಲವು, ಆದ್ದರಿಂದ ರೋಲುಗಳನ್ನು ಪಾರದರ್ಶಕ ಚೀಲಕ್ಕೆ ಹಾಕಿ ಕೈಯಲ್ಲೇ ಪರೀಕ್ಷಿಸಲು ವಿನಂತಿಸಬೇಕು. ಮತ್ತೆ, ಕ್ಯಾಮೆರಾದ ಕ್ರಮಸಂಖ್ಯೆ, ಚಿತ್ರಗಳು, ಕೊಂಡ ಚೀಟಿ ಇವನ್ನೆಲ್ಲ ತೋರಿಸಿ ವಿಮೆ ಮಾಡಿಸಿ; ಮನೆಯ ಹೊರಗೆ ಕಳೆದುಹೋದರೂ ಪರಿಹಾರ ಸಿಗುತ್ತದೆಯೇ ಎಂಬುದನ್ನು ಕೇಳಿ ಬರೆಸಿಕೊಳ್ಳಿ.

ಲೆಕ್ಕಿಗ

ನನ್ನ ಲೆಕ್ಕವನ್ನು ಸ್ವಲ್ಪ ತಿದ್ದಬೇಕಾಗಿದೆ. ಇಟ್ಟುಕೊಂಡು ಬಳಸದಿರುವುದಕ್ಕೆ ಬಡ್ಡಿ ಮಾತ್ರ ನಷ್ಟವೆಂದು ಹಿಡಿದಿದ್ದೆ. ಈಗ ಅಸಲೇ ಕರಗುತ್ತಿರುವುದು ಕಾಣುತ್ತಿದೆ. ಲೆನ್ಸಿನಲ್ಲಿ ಫಂಗಸ್ ಇದೆಯೆಂದು ತಿಳಿದ ಕೂಡಲೇ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಮುಚ್ಚಿಟ್ಟು ಮಾರುವುದು ಸಜ್ಜನರ ಲಕ್ಷಣವಲ್ಲ. ಹಾಗಾಗಿ ಮಾರುವುದಾದರೂ ಸರಿಪಡಿಸಿಯೇ ಮಾರಬೇಕು, ಬಳಸುವುದಾದರೂ ಸರಿಪಡಿಸಿಯೇ ಬಳಸಬೇಕು. ಮೊದಲು ಸರ್ವಿಸ್ ಮಾಡಿಸಿ, ಅಷ್ಟರಲ್ಲಿ ಮನಸ್ಸೂ ತಿಳಿಯಾಗುತ್ತದೆ. ಲೈಕಾ ಮಾರಬೇಕೆಂಬ ನನ್ನ ಅಭಿಪ್ರಾಯವನ್ನೇನೂ ಹಿಂತೆಗೆದುಕೊಂಡಿಲ್ಲ.

ಹೈಪೋ ವಾಸನೆಯವರೇ, ರೋಲಿಗೆ 1,600 ಎಂಬ ಅಂಕಿಯನ್ನು ಇಳಿಸುವ ದಾರಿ ಇದೆಯೇ?

ಹೈಪೋ ವಾಸನೆ

ಇದೆ, ಕಪ್ಪು-ಬಿಳುಪಾದರೆ ಖಂಡಿತ ಇದೆ. 100 ಅಡಿಯ ಫಿಲಂ ಡಬ್ಬಿಯೊಂದನ್ನು ತಂದು ಕತ್ತಲೆಯಲ್ಲಿ ನೀವೇ ಖಾಲಿ ಡಬ್ಬಿಗಳಿಗೆ ಸುತ್ತಿಕೊಂಡರೆ 36 ಚಿತ್ರಗಳ ಸುಮಾರು 18 ರೋಲು ಆಗುತ್ತವೆ. ತೊಳೆಯುವುದು ಮನೆಯಲ್ಲೇ ಸಾಧ್ಯ. 1927ರಿಂದ ಬಳಕೆಯಲ್ಲಿರುವ, ಚಿತ್ರ ಮೂಡಿಸುವ ಡಿ-76 ದ್ರಾವಣದಲ್ಲಿ, ನೀರು ಬೆರೆಸದೆ, 20 ಡಿಗ್ರಿಯಲ್ಲಿ ಎಚ್‌ಪಿ5ಗೆ ಏಳೂವರೆ ನಿಮಿಷ ಸಾಕು. ಆಮೇಲೆ ನೀರು, ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ, ಮತ್ತೆ ಚೆನ್ನಾಗಿ ನೀರು. ಕಷ್ಟವಿರುವುದು ಆ 20 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯ ನೀರು 27ರ ಹತ್ತಿರ ಬರುತ್ತದೆ, ದ್ರಾವಣದ ಪಾತ್ರೆಯನ್ನು ಐಸು ಹಾಕಿದ ಬೋಗುಣಿಯಲ್ಲಿ ಕೂರಿಸಿಕೊಂಡು ಮಗುವಿಗೆ ಸ್ನಾನ ಮಾಡಿಸುವ ಹಾಗೆ ಕಾಯಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಚರಂಡಿಗೆ ಸುರಿಯಬಾರದು. ನಾನು ಕ್ಯಾನಿನಲ್ಲಿ ತುಂಬಿಟ್ಟು ಪರಿಚಯದ ಲ್ಯಾಬಿಗೆ ಕೊಡುತ್ತೇನೆ. ಹೀಗೆ ಮಾಡಿದರೆ ರಾಸಾಯನಿಕಗಳಿಗೆ ರೋಲಿಗೆ ನೂರರ ಆಸುಪಾಸು ತಗಲುತ್ತದೆ.

ತ್ಯಾಗರಾಜನಗರದವನು

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಲೆನ್ಸಿನ ಫಂಗಸ್ ಪೂರ್ತಿ ಹೋಯಿತು, ಲೇಪಕ್ಕೆ ಹಾನಿಯಾಗಿಲ್ಲ. ಶಟರನ್ನು ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದ್ದಾರೆ. ಎರಡಕ್ಕೂ ಸೇರಿ 21,000 ರೂಪಾಯಿ ಆಯಿತು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕ್ಯಾಮೆರಾ ಹಿಡಿದು ಹೋದೆ. ಬೆಳಕನ್ನು ಕಣ್ಣಂದಾಜಿನಲ್ಲೇ ಅಳೆಯಬೇಕೆಂಬ ಹುಂಬತನದಿಂದ ಮೀಟರಿನ ಬ್ಯಾಟರಿಯನ್ನೇ ಹಾಕಿರಲಿಲ್ಲ. ಸದ್ದಿಲ್ಲದ ಶಟರ್ ಅವರ ಮಾತು ಕೇಳಿ ಸೂರ್ಯನಿಗೆ ಹೆದರಿ ಲೆನ್ಸಿಗೆ ಮುಚ್ಚಳ ಹಾಕಿಟ್ಟಿದ್ದೆ. ಪಕ್ಕದ ಕಿಟಕಿಯಿಂದ ನೋಡುವವನಿಗೆ ಮುಚ್ಚಳ ಕಾಣಿಸುವುದಿಲ್ಲವಲ್ಲ, ಮೊದಲ ನಾಲ್ಕು ಚಿತ್ರಗಳನ್ನು ಮುಚ್ಚಳದ ಒಳಭಾಗಕ್ಕೇ ಅರ್ಪಿಸಿದೆ. ಬ್ಯಾಟರಿ ಇದ್ದಿದ್ದರೆ ಕೆಂಪು ಬಾಣವೊಂದು ಎಚ್ಚರಿಸುತ್ತಿತ್ತು. ಬುಲ್ ಟೆಂಪಲ್ ರಸ್ತೆಯ ನೂಕುನುಗ್ಗಲಿನಲ್ಲಿ ಯಾರದೋ ಸೈಕಲ್ಲಿನ ಹ್ಯಾಂಡಲ್ಲು ತಗುಲಿ ಅಡಿಯ ತಗಡಿನ ಮೇಲೆ ಒಂದು ಅಂಗುಲದಷ್ಟು ಗೀರು ಬಿದ್ದಿದೆ. ಅದು ನನಗೆ ಗೊತ್ತಾದದ್ದು ರಾತ್ರಿ ಮನೆಗೆ ಬಂದು ಒರೆಸುವಾಗ. ಇಷ್ಟು ವರ್ಷ ಹೆದರಿದ್ದು ಇದಕ್ಕೇ, ಆದರೂ ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು.

ಉಳಿದ ಮೂವತ್ತೆರಡರಲ್ಲಿ ಒಂದು ನನಗೆ ಹಿಡಿಸಿತು. ಅಜ್ಜಿಯೊಬ್ಬರು ಸೇರಿನಲ್ಲಿ ಕಡಲೆಕಾಯಿ ಅಳೆದು ಎತ್ತುತ್ತಿದ್ದಾರೆ, ಸೇರಿನ ಅಂಚಿನಿಂದ ಎರಡು ಕಾಯಿ ಜಾರಿ ಗಾಳಿಯಲ್ಲಿವೆ, ಅವರ ಕಣ್ಣು ಆ ಎರಡು ಕಾಯಿಗಳ ಮೇಲೆಯೇ ಇದೆ. ಒತ್ತಿದ ಕ್ಷಣದಲ್ಲಿ ಅವರ ಮುಖ ನನಗೆ ಕಾಣುತ್ತಲೇ ಇತ್ತು.

ಕೊಳ್ಳುತ್ತೇನೆಂದವರಿಗೆ ಬರುವ ಯುಗಾದಿಯವರೆಗೆ ಕ್ಯಾಮೆರಾ ಕೊಡುವುದಿಲ್ಲವೆಂದು ತಿಳಿಸಿದ್ದೇನೆ. ಅಷ್ಟರೊಳಗೆ ಹತ್ತು ರೋಲು ಮುಗಿಯದಿದ್ದರೆ ಲೆಕ್ಕಿಗ ಅವರು ಹೇಳಿದಂತೆ ಮಾಡುತ್ತೇನೆ, ಅವರೇ ಸಾಕ್ಷಿ. ಈಗ ಮೂರನೆಯ ರೋಲಿನಲ್ಲಿ ಹನ್ನೊಂದನೆಯ ಚಿತ್ರದಲ್ಲಿದ್ದೇನೆ. ಹೈಪೋ ವಾಸನೆಯವರೇ, ಮುಗಿದ ಎರಡನೆಯ ರೋಲನ್ನು ನಿಮ್ಮ ಜೊತೆ ಕುಳಿತು ತೊಳೆಯುವ ಆಸೆಯಿದೆ. ಭಾನುವಾರ ಬಂದರೆ ತೊಂದರೆಯಾಗುವುದಿಲ್ಲವಷ್ಟೆ?

ಲೆಕ್ಕಿಗ

ಹತ್ತು ರೋಲು, ಯುಗಾದಿ. ಬರೆದಿಟ್ಟುಕೊಂಡಿದ್ದೇನೆ. ಮುಚ್ಚಳದ ನಾಲ್ಕು ಚಿತ್ರಗಳಿಗೆ 176 ರೂಪಾಯಿ ಖರ್ಚು ಹಾಕಿದ್ದೇನೆ.

ಹೈಪೋ ವಾಸನೆ

ಬೆಳಿಗ್ಗೆ ಹತ್ತಕ್ಕೆ ಬನ್ನಿ. ಬರುವಾಗ ಎರಡು ಚೀಲ ಐಸು ತನ್ನಿ, ನಮ್ಮ ಫ್ರಿಜ್ಜಿನಲ್ಲಿ ಫಿಲಂ ಡಬ್ಬಿಗಳು ಕೊತ್ತಂಬರಿ ಸೊಪ್ಪಿನ ಜಾಗವನ್ನೂ ಆಕ್ರಮಿಸಿವೆ ಎಂಬ ದೂರು ಈಗಾಗಲೇ ದಾಖಲಾಗಿದೆ.